ನಾಲ್ಕು ಪೈಸೆಯ ಗ್ಯಾಸ್

ಜನವರಿ ಕೊನೆಯ ವಾರದ ಒಂದು ರಾತ್ರಿ. ಪೊನ್ನಂಪೇಟೆಯ ಚಳಿ, ಹಾಸ್ಟೆಲ್ ರೂಮು, ಒಂದು ಲ್ಯಾಪ್‌ಟಾಪ್, ಅದರ ಸುತ್ತ ನಾವು ನಾಲ್ಕು ಜನ. ನಮ್ಮ ಹತ್ತಿರ ಹತ್ತಿರತ್ತಿರ ಎರಡು ಸಾವಿರ ರೂಪಾಯಿ ಇತ್ತು. ಆದರೆ ನಾಲ್ಕು ಪೈಸೆ ಇರಲಿಲ್ಲ. ಆ ನಾಲ್ಕು ಪೈಸೆ ಹುಡುಕೋಕೆ ಹೋಗಿ ಎರಡು ಸಾವಿರವನ್ನೂ ಕಳಕೊಂಡೆವು.

ಈ ಕಥೆಯನ್ನ ಡಿಪಾರ್ಟ್‌ಮೆಂಟಿನಲ್ಲಿ ಬೇರೆ ಬೇರೆ ರೀತಿಯಲ್ಲಿ ಕೇಳಿರುತ್ತೀರಿ. 'ಫೈನಲ್ ಇಯರ್‌ನವರು ಬಿಟ್‌ಕಾಯಿನ್ ಆಡಿ ಮುಳುಗಿದರಂತೆ' ಅಂತ ಒಬ್ಬ ಜೂನಿಯರ್ ನಮ್ಮ ಎದುರೇ ಹೇಳಿದ. ಬಿಟ್‌ಕಾಯಿನ್ ಅಲ್ಲ, ಆಡಿದ್ದೂ ಅಲ್ಲ. ಆದ್ದರಿಂದ ನಡೆದದ್ದನ್ನ ನಡೆದ ಹಾಗೆ ಬರೆಯುತ್ತಿದ್ದೇವೆ. ಲೇಖನದಲ್ಲಿ ಎಲ್ಲ ಕಡೆ 'ನಾವು' ಅಂತಲೇ ಇರುತ್ತೆ. ಯಾಕೆ ಅನ್ನೋದು ಓದುತ್ತಾ ಗೊತ್ತಾಗುತ್ತೆ.

ಮೊದಲು ಪ್ರಾಜೆಕ್ಟಿನ ವಿಷಯ. ನಮ್ಮಲ್ಲಿ ಇಬ್ಬರು ಕೊಡಗಿನವರು, ಒಬ್ಬ ದಾವಣಗೆರೆಯವನು, ಒಬ್ಬ ಪಿರಿಯಾಪಟ್ಟಣದ ಕಡೆಯವನು. ಕಾಫಿ ಕುಯ್ಲಿನ ಸಮಯದಲ್ಲಿ ಇಲ್ಲಿಯ ಯಾವ ಮನೆಗೆ ಹೋದರೂ ಮಾತು ಬಂದು ನಿಲ್ಲೋದು ಔಟ್‌ಟರ್ನ್ ಮೇಲೆ. ಐವತ್ತು ಕೆಜಿ ಒಣಗಿದ ಚೆರಿ ಮೂಟೆ ಕೊಟ್ಟರೆ ಅದರಿಂದ ಎಷ್ಟು ಕೆಜಿ ಶುದ್ಧ ಬೀಜ ಬರುತ್ತೆ ಅನ್ನೋ ಲೆಕ್ಕ ಅದು. ಬೆಲೆ ನಿಲ್ಲೋದೇ ಅದರ ಮೇಲೆ. ಸ್ಯಾಂಪಲ್ ತೆಗೆದಾಗ ಬಂದ ನಂಬರು ಒಂದು ಚೀಟಿಯಲ್ಲಿರುತ್ತೆ. ಚೀಟಿ ಜೇಬಿನಲ್ಲಿರುತ್ತೆ. ಜೇಬು ವಾಷಿಂಗ್ ಮೆಷಿನ್ನಿಗೆ ಹೋಗುತ್ತೆ. ಆ ನಂಬರನ್ನ ಆಮೇಲೆ ಯಾರೂ ತಿದ್ದದ ಹಾಗೆ ಒಂದು ಕಡೆ ಬರೆದಿಡಬೇಕು, ಮೂಟೆ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದು ಕಾಣಬೇಕು. ಇಷ್ಟೇ ನಮ್ಮ ಐಡಿಯಾ.

ಐಡಿಯಾ ಹೊಸದೇನೂ ಅಲ್ಲ. 2019ರ ಮಾರ್ಚ್ 28ರಂದು ಕೇಂದ್ರ ವಾಣಿಜ್ಯ ಸಚಿವಾಲಯ ಕಾಫಿ ಬೋರ್ಡ್ ಮೂಲಕ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆ ಆ್ಯಪ್ ಒಂದನ್ನ ಪ್ರಾಯೋಗಿಕವಾಗಿ ಶುರು ಮಾಡಿತ್ತು. ಬೆಳೆಗಾರ ಮತ್ತು ಕೊಳ್ಳುವವನ ನಡುವಿನ ಹಂತಗಳು ಕಡಿಮೆಯಾಗಲಿ, ಕಾಫಿ ಯಾವ ತೋಟದ್ದು ಅಂತ ಕುಡಿಯುವವನಿಗೆ ಗೊತ್ತಾಗಲಿ ಅನ್ನೋದು ಅದರ ಉದ್ದೇಶ. ನಾವು ಅದರ ಒಂದು ಚಿಕ್ಕ ತುಂಡನ್ನ ಮಾಡಹೊರಟೆವು.

ಯಾವ ಬ್ಲಾಕ್‌ಚೈನ್ ಅನ್ನೋದು ಮೊದಲ ಪ್ರಶ್ನೆ. ಎಥೀರಿಯಮ್ ಮೇಲೆ ಬರೆಯೋದಾದರೆ ಪ್ರತಿ ಬರಹಕ್ಕೂ ಫೀ ಕೊಡಬೇಕು. ಅದಕ್ಕೆ ಗ್ಯಾಸ್ ಅಂತಾರೆ. ಲೆಕ್ಕ ಸುಲಭ. ಪ್ರತಿ ಕೆಲಸಕ್ಕೂ ಇಷ್ಟು ಯೂನಿಟ್ ಗ್ಯಾಸ್ ಅಂತ ಇದೆ. ಒಬ್ಬರಿಂದ ಇನ್ನೊಬ್ಬರಿಗೆ ನಾಣ್ಯ ಕಳಿಸೋಕೆ 21,000 ಯೂನಿಟ್. ಯೂನಿಟ್ಟಿಗೆ ಎಷ್ಟು ಬೆಲೆ ಅನ್ನೋದು ಆ ಹೊತ್ತಿನ ನೂಕುನುಗ್ಗಲಿನ ಮೇಲೆ ಏರಿಳಿಯುತ್ತೆ. ಅದನ್ನ ಅಳೆಯೋದು ಗ್ವೇಯಲ್ಲಿ. ಒಂದು ಗ್ವೇ ಅಂದರೆ ನಾಣ್ಯದ ನೂರು ಕೋಟಿ ಪಾಲಲ್ಲಿ ಒಂದು ಪಾಲು. ಎಥೀರಿಯಮ್‌ನಲ್ಲಿ 50 ಗ್ವೇ ಇದ್ದು, ಒಂದು ಈಥರ್‌ಗೆ ಎರಡು ಲಕ್ಷ ರೂಪಾಯಿ ಅಂತ ಹಿಡಿದರೆ ಒಂದು ಸಾದಾ ವರ್ಗಾವಣೆಗೇ 210 ರೂಪಾಯಿ. 2021ರ ನೂಕುನುಗ್ಗಲಿನ ದಿನಗಳಲ್ಲಿ ಒಂದೊಂದು ವ್ಯವಹಾರಕ್ಕೆ ಸಾವಿರಾರು ರೂಪಾಯಿ ಫೀ ಕೊಟ್ಟವರಿದ್ದಾರೆ. ಮೂಟೆಗೆ ಇನ್ನೂರು ರೂಪಾಯಿ ಕೊಟ್ಟು ಔಟ್‌ಟರ್ನ್ ಬರೆಸಿ ಅಂದರೆ ಬೆಳೆಗಾರ ನಮ್ಮನ್ನ ತೋಟದ ಗೇಟಿನ ಆಚೆ ಬಿಟ್ಟು ಬರುತ್ತಾನೆ.

ಅದಕ್ಕೆ ಪಾಲಿಗಾನ್ ಆರಿಸಿಕೊಂಡೆವು. ಇದು ಭಾರತದಲ್ಲೇ ಹುಟ್ಟಿದ್ದು. 2017ರಲ್ಲಿ ಜಯಂತಿ ಕನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ ಸೇರಿ ಮ್ಯಾಟಿಕ್ ಅನ್ನೋ ಹೆಸರಲ್ಲಿ ಶುರು ಮಾಡಿದರು. 2021ರಲ್ಲಿ ಅದು ಪಾಲಿಗಾನ್ ಆಯಿತು. 2024ರ ಸೆಪ್ಟೆಂಬರ್‌ನಿಂದ ಅದರ ನಾಣ್ಯದ ಹೆಸರೂ ಮ್ಯಾಟಿಕ್ ಹೋಗಿ ಪಾಲ್ ಆಗಿದೆ. ಲೆಕ್ಕದ ಸೂತ್ರ ಅದೇ, ನಾಣ್ಯದ ಬೆಲೆ ಮಾತ್ರ ಬೇರೆ. ಗ್ಯಾಸ್ 30 ಗ್ವೇ, ಒಂದು ಪಾಲ್‌ಗೆ 20 ರೂಪಾಯಿ ಅಂತ ಹಿಡಿಯಿರಿ. ಸಾದಾ ವರ್ಗಾವಣೆಗೆ ಒಂದೂಕಾಲು ಪೈಸೆ. ಡಾಲರ್ ಟೋಕನ್ ಕಳಿಸೋಕೆ ಸುಮಾರು 65,000 ಯೂನಿಟ್ ಬೇಕು, ಅಂದರೆ ನಾಲ್ಕು ಪೈಸೆ. ನಮ್ಮ ಒಂದು ಮೂಟೆಯ ದಾಖಲೆಗೆ ಒಂದು ಲಕ್ಷ ಯೂನಿಟ್ ಹಿಡಿದರೂ ಆರು ಪೈಸೆ. ಈ ಲೆಕ್ಕವನ್ನ ಬೋರ್ಡ್ ಮೇಲೆ ಬರೆದಾಗ ನಮಗೆ ನಾವೇ ಚಪ್ಪಾಳೆ ತಟ್ಟಿಕೊಂಡೆವು.

ಗೈಡ್ ಮೇಡಂ ಚಪ್ಪಾಳೆ ತಟ್ಟಲಿಲ್ಲ. 'ಟೆಸ್ಟ್‌ನೆಟ್‌ನಲ್ಲಿ ಮಾಡಿ, ಸಾಕು' ಅಂದರು. ಟೆಸ್ಟ್‌ನೆಟ್ ಅಂದರೆ ಅಭ್ಯಾಸದ ಜಾಲ. ನಿಯಮವೆಲ್ಲ ಅಸಲಿಯದ್ದೇ, ನಾಣ್ಯ ಮಾತ್ರ ಪುಕ್ಕಟೆ. ಪಾಲಿಗಾನ್‌ನ ಹಳೇ ಟೆಸ್ಟ್‌ನೆಟ್ ಹೆಸರು ಮುಂಬೈ. ಅದು 2024ರ ಏಪ್ರಿಲ್‌ನಲ್ಲಿ ನಿಂತು ಅದರ ಜಾಗಕ್ಕೆ ಅಮೋಯ್ ಬಂದಿದೆ. ಫಾಸೆಟ್ ಅನ್ನೋ ಪುಟಕ್ಕೆ ಹೋಗಿ ವಿಳಾಸ ಕೊಟ್ಟರೆ ಅಭ್ಯಾಸದ ನಾಣ್ಯ ಬಂದು ಬೀಳುತ್ತೆ. ಆದರೆ ನಮಗೆ ಅಸಲಿಯೇ ಬೇಕಿತ್ತು. ಎಕ್ಸಿಬಿಷನ್ನಿಗೆ ಬಂದವರು ಕ್ಯೂಆರ್ ಸ್ಕ್ಯಾನ್ ಮಾಡಿದಾಗ 'ಟೆಸ್ಟ್' ಅಂತ ತೋರಿಸಿದರೆ ಮರ್ಯಾದೆ ಏನು? ಆರು ಪೈಸೆ ತಾನೇ ಮೇಡಂ, ಅಂದೆವು.

ಆ 'ತಾನೇ'ಯಲ್ಲೇ ನಾವು ಎಡವಿದ್ದು. ಆರು ಪೈಸೆ ಅನ್ನೋದು ಜಾಲದ ಒಳಗೆ ಹೋದ ಮೇಲಿನ ಫೀ. ನಮ್ಮ ರೂಪಾಯಿ ಬ್ಯಾಂಕಿನಿಂದ ಹೊರಟು ಆ ಜಾಲದ ಒಳಗಿನ ವ್ಯಾಲೆಟ್ ತಲುಪೋವರೆಗಿನ ದಾರಿಗೆ ಬೇರೆಯೇ ಲೆಕ್ಕ ಇದೆ.

ಆ ದಾರಿಗೆ ನಮ್ಮ ರಾಜ್ಯದಲ್ಲಿ ಒಂದು ಚಿಕ್ಕ ಚರಿತ್ರೆಯೂ ಇದೆ. 2013ರಲ್ಲಿ ತುಮಕೂರಿನಲ್ಲಿ ಶುರುವಾದ ಯುನೊಕಾಯಿನ್ ದೇಶದ ಮೊದಮೊದಲ ಬಿಟ್‌ಕಾಯಿನ್ ವಿನಿಮಯ ಕೇಂದ್ರಗಳಲ್ಲಿ ಒಂದು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಹೇಳಿತು. ಬ್ಯಾಂಕಿನ ಬಾಗಿಲು ಮುಚ್ಚಿದಾಗ ಅವರು ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ನಗದು ಹಾಕುವ ಯಂತ್ರವೊಂದನ್ನ ಇಟ್ಟರು. ಕೆಲವೇ ದಿನದಲ್ಲಿ ಪೊಲೀಸರು ಅದನ್ನ ವಶಕ್ಕೆ ತೆಗೆದುಕೊಂಡರು. ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2020ರ ಮಾರ್ಚ್ 4ರಂದು. ಆಮೇಲೆ ಬ್ಯಾಂಕಿನ ದಾರಿ ಮತ್ತೆ ತೆರೆಯಿತು, ಜೊತೆಗೆ ಗೇಟುಗಳೂ ಬಂದವು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ನೂರಕ್ಕೆ 30 ತೆರಿಗೆ, ನಷ್ಟವನ್ನ ಬೇರೆ ಲಾಭದಲ್ಲಿ ಕಳೆಯೋ ಹಾಗಿಲ್ಲ. ಅದೇ ಜುಲೈ 1ರಿಂದ ಮಾರಾಟದ ಮೇಲೆ ನೂರಕ್ಕೆ 1 ಟಿಡಿಎಸ್. 2023ರ ಮಾರ್ಚ್‌ನಲ್ಲಿ ಈ ವಿನಿಮಯ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿಗೂ ಬಂದವು. ಹಾಗಾಗಿ ಪ್ಯಾನ್, ಆಧಾರ್, ಸೆಲ್ಫಿ ಎಲ್ಲ ಕೊಟ್ಟ ಮೇಲೆಯೇ ಖಾತೆ.

ನಮ್ಮಲ್ಲಿ ಪ್ಯಾನ್ ಕಾರ್ಡ್ ಇದ್ದದ್ದು ಒಬ್ಬನಿಗೆ. ಅವನ ಹೆಸರಲ್ಲಿ ಖಾತೆ ತೆರೆದೆವು. ತಲಾ ಐನೂರು ಹಾಕಿದೆವು. ಮೂವರದ್ದು ಪಾಕೆಟ್ ಮನಿ. ಒಬ್ಬನ ಐನೂರು ಮಾತ್ರ ಅವನ ಅಮ್ಮನ ಕೂಲಿ. ಅವರು ಬೇರೆಯವರ ತೋಟದಲ್ಲಿ ಕಾಫಿ ಕುಯ್ಯುತ್ತಾರೆ. 'ಪ್ರಾಜೆಕ್ಟಿಗೆ ಬೇಕು' ಅಂದಾಗ ಯಾವ ಪ್ರಾಜೆಕ್ಟು ಅಂತಲೂ ಕೇಳದೆ ಗೂಗಲ್ ಪೇ ಮಾಡಿದ್ದರು. ಇದು ನಮಗೆ ಗೊತ್ತಾದದ್ದು ಆಮೇಲೆ.

ನೇರವಾಗಿ ಪಾಲ್ ಕೊಳ್ಳಬಹುದಿತ್ತು. ಆದರೆ ನಮ್ಮ ಬುದ್ಧಿವಂತಿಕೆ ಕೇಳಿ. ಪಾಲ್ ಬೆಲೆ ಏರಿಳಿಯುತ್ತೆ, ಯುಎಸ್‌ಡಿಟಿ ಯಾವಾಗಲೂ ಒಂದು ಡಾಲರ್ ಆಸುಪಾಸು ಇರುತ್ತೆ, ಅದನ್ನೇ ಕೊಂಡು ಇಟ್ಟುಕೊಳ್ಳೋಣ, ಬೇಕಾದಾಗ ಬೇಕಾದಷ್ಟೇ ಬದಲಾಯಿಸೋಣ ಅಂದುಕೊಂಡೆವು. ವಿನಿಮಯ ಕೇಂದ್ರದ ಫೀ, ಆ ಫೀ ಮೇಲೆ ಜಿಎಸ್‌ಟಿ, ಡಾಲರಿನ ಮಾಮೂಲಿ ದರಕ್ಕಿಂತ ಒಂದಿಷ್ಟು ಜಾಸ್ತಿ ದರ, ಎಲ್ಲ ಸೇರಿ ಎರಡು ಸಾವಿರಕ್ಕೆ ಇಪ್ಪತ್ತೊಂದು ಚಿಲ್ಲರೆ ಡಾಲರ್ ಸಿಕ್ಕಿತು. ಹೊರಗೆ ಕಳಿಸೋವಾಗ ಯಾವ ಜಾಲ ಅಂತ ಕೇಳಿತು. ಎಥೀರಿಯಮ್ ಸಾಲಿನ ಮುಂದೆ ಹಲವು ಡಾಲರ್ ಶುಲ್ಕ, ಪಾಲಿಗಾನ್ ಮುಂದೆ ಅರ್ಧ ಡಾಲರ್‌ಗಿಂತ ಕಡಿಮೆ. ಪಾಲಿಗಾನ್ ಒತ್ತಿದೆವು. ಇಲ್ಲಿಯವರೆಗೆ ಸರಿಯಾಗೇ ಮಾಡಿದ್ದೆವು.

ವ್ಯಾಲೆಟ್ ತೆರೆದು ನೋಡಿದರೆ ಸೊನ್ನೆ. ಎದೆ ಧಸಕ್ಕೆಂದಿತು. ಅರ್ಧ ಗಂಟೆ ಒದ್ದಾಡಿದ ಮೇಲೆ ತಿಳಿಯಿತು, ವ್ಯಾಲೆಟ್ ಆ್ಯಪ್ ಎಥೀರಿಯಮ್ ಜಾಲವನ್ನ ತೋರಿಸುತ್ತಿತ್ತು, ದುಡ್ಡು ಬಂದದ್ದು ಪಾಲಿಗಾನ್ ಜಾಲಕ್ಕೆ. ಈ ಎರಡೂ ಒಂದೇ ಬಗೆಯ ಜಾಲಗಳು, ವಿಳಾಸ ಎರಡರಲ್ಲೂ ಒಂದೇ. ಒಂದೇ ಬೀಗದ ಕೈಯಲ್ಲಿ ಎರಡು ಊರಿನ ಎರಡು ಮನೆ ತೆರೆದ ಹಾಗೆ. ಒಂದು ಮನೆಯಲ್ಲಿಟ್ಟ ಅಕ್ಕಿ ಇನ್ನೊಂದರಲ್ಲಿ ಕಾಣಲ್ಲ. ಜಾಲ ಬದಲಾಯಿಸಿದೆವು, ಟೋಕನ್ ಸೇರಿಸಿದೆವು, ಇಪ್ಪತ್ತೊಂದು ಡಾಲರ್ ಪ್ರತ್ಯಕ್ಷ. ಮಧ್ಯರಾತ್ರಿ ಮ್ಯಾಗಿ ಮಾಡಿ ತಿಂದೆವು.

ಆಮೇಲೆ ಒಂದಿಷ್ಟು ಯುಎಸ್‌ಡಿಟಿ ಕೊಟ್ಟು ಪಾಲ್ ತೆಗೆದುಕೊಳ್ಳೋಣ ಅಂತ ಒತ್ತಿದರೆ ಆಗಲಿಲ್ಲ. ಗ್ಯಾಸ್‌ಗೆ ಬೇಕಾದಷ್ಟು ಪಾಲ್ ಇಲ್ಲ ಅಂತ ಬಂತು. ಪಾಲ್ ಕೊಳ್ಳೋದೂ ಒಂದು ವ್ಯವಹಾರ, ಆ ವ್ಯವಹಾರಕ್ಕೂ ಗ್ಯಾಸ್ ಬೇಕು, ಗ್ಯಾಸ್ ಕೊಡಬೇಕಾದದ್ದು ಪಾಲ್‌ನಲ್ಲಿ. ಡಾಲರ್ ಎಷ್ಟಿದ್ದರೂ ಅದು ಲೆಕ್ಕಕ್ಕಿಲ್ಲ. ಗೋಣಿಕೊಪ್ಪಕ್ಕೆ ಹೋಗೋ ಬಸ್ಸಿನಲ್ಲಿ ಐನೂರರ ನೋಟು ಹಿಡಿದುಕೊಂಡು ಕೂತವನ ಪರಿಸ್ಥಿತಿ. ಬಸ್ಸಿನಲ್ಲಾದರೆ ಕಂಡಕ್ಟರ್ ಒಂದು ಸಲ ಗುರಾಯಿಸಿ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾನೆ. ಬ್ಲಾಕ್‌ಚೈನಿಗೆ ಬಾಕಿ ಬರೆಯೋ ಅಭ್ಯಾಸ ಇಲ್ಲ.

ಇದಕ್ಕೆ ಪರಿಹಾರ ಬಹಳ ಸುಲಭ ಇತ್ತು. ಬೆಳಿಗ್ಗೆ ಅದೇ ವಿನಿಮಯ ಕೇಂದ್ರದಲ್ಲಿ ಅವರು ಬಿಡೋ ಕನಿಷ್ಠ ಮೊತ್ತದ ಪಾಲ್ ಕೊಂಡು ಕಳಿಸಿದ್ದರೆ ಮುಗೀತಿತ್ತು. ಆದರೆ ಆ ಹೊತ್ತಿಗೆ ರಾತ್ರಿ ಒಂದೂವರೆ. ನಾಲ್ವರ ಯುಪಿಐ ಬ್ಯಾಲೆನ್ಸೂ ಮುಗಿದಿತ್ತು. 'ನಾಲ್ಕು ಪೈಸೆಗೋಸ್ಕರ ಯಾರನ್ನಪ್ಪಾ ಎಬ್ಬಿಸೋದು?' ಅಂತ ನಗುತ್ತಾ, ಇಂಥ ವಿಷಯ ಮಾತಾಡೋ ಒಂದು ಮೆಸೇಜ್ ಗ್ರೂಪಿನಲ್ಲಿ ಪ್ರಶ್ನೆ ಹಾಕಿದೆವು: ಯಾರಾದರೂ ಸ್ವಲ್ಪ ಗ್ಯಾಸ್ ಕೊಡುತ್ತೀರಾ?

ಎರಡು ನಿಮಿಷ ಆಗಿರಲಿಲ್ಲ, ಖಾಸಗಿಯಾಗಿ ಒಂದು ಮೆಸೇಜ್. ಹೆಸರು 'ಸಪೋರ್ಟ್', ಮುಖದ ಜಾಗದಲ್ಲಿ ನಮ್ಮ ವ್ಯಾಲೆಟ್‌ನದ್ದೇ ಲೋಗೋ. ಮಾತು ಬೆಣ್ಣೆ. ಇದು ತುಂಬಾ ಜನರಿಗೆ ಬರೋ ತೊಂದರೆ, ನಿಮ್ಮ ವ್ಯಾಲೆಟ್ 'ಸಿಂಕ್' ಆಗಿಲ್ಲ, ಈ ಲಿಂಕ್‌ನಲ್ಲಿ ಒಮ್ಮೆ ಪರಿಶೀಲಿಸಿಕೊಳ್ಳಿ, ಗ್ಯಾಸ್ ನಾವೇ ಹಾಕುತ್ತೇವೆ. ಲಿಂಕ್ ತೆರೆದರೆ ಹನ್ನೆರಡು ಖಾಲಿ ಡಬ್ಬಿ.

ಹನ್ನೆರಡು ಪದಗಳ ವಿಷಯ ನಮಗೆ ಪಾಠದಲ್ಲಿ ಬಂದಿತ್ತು. ಸೆಮಿನಾರ್ ಕೂಡ ಕೊಟ್ಟಿದ್ದೆವು. 2,048 ಇಂಗ್ಲಿಷ್ ಪದಗಳ ಒಂದು ಪಟ್ಟಿಯಿಂದ ಲಾಟರಿ ಎತ್ತಿದ ಹಾಗೆ ಹನ್ನೆರಡು ಪದ ಬರುತ್ತೆ, ಅದರಿಂದಲೇ ಬೀಗದ ಕೈ ಹುಟ್ಟುತ್ತೆ. ಪದ ಯಾರ ಹತ್ತಿರ ಇದೆಯೋ ವ್ಯಾಲೆಟ್ ಅವರದ್ದು. ಯಾರಿಗೂ ಕೊಡಬಾರದು ಅಂತ ನಮ್ಮ ಸ್ಲೈಡಿನಲ್ಲೇ ಕೆಂಪಕ್ಷರದಲ್ಲಿತ್ತು. ಆದರೂ ನಿದ್ದೆಗಣ್ಣಲ್ಲಿ, ನಾಲ್ಕು ಪೈಸೆ ತಾನೇ ಅನ್ನೋ ಉಡಾಫೆಯಲ್ಲಿ, ಪದಗಳನ್ನ ಟೈಪ್ ಮಾಡಿದೆವು. ಪುಟ ಸುತ್ತುತ್ತಾ ನಿಂತಿತು. ನೆಟ್‌ವರ್ಕ್ ಸರಿಯಿಲ್ಲ, ಬೆಳಿಗ್ಗೆ ನೋಡೋಣ ಅಂತ ಮಲಗಿದೆವು.

ಬೆಳಿಗ್ಗೆ ಪಾಲಿಗಾನ್‌ನ ಎಲ್ಲ ವ್ಯವಹಾರ ತೋರಿಸೋ ಪುಟದಲ್ಲಿ ನಮ್ಮ ವಿಳಾಸ ಹಾಕಿ ನೋಡಿದೆವು. ಎರಡು ಸಾಲು ಹೊಸದು. ಮೊದಲನೆಯದರಲ್ಲಿ, ಗೊತ್ತಿಲ್ಲದ ವಿಳಾಸದಿಂದ ನಮಗೆ ಚೂರು ಪಾಲ್ ಬಂದಿತ್ತು. ಎರಡನೆಯದರಲ್ಲಿ, ಅದರ ಕೆಲವೇ ಸೆಕೆಂಡುಗಳ ನಂತರ, ನಮ್ಮ ಪೂರ್ತಿ ಯುಎಸ್‌ಡಿಟಿ ಬೇರೆ ವಿಳಾಸಕ್ಕೆ ಹೋಗಿತ್ತು. ಅಂದರೆ ಕಳ್ಳ ಹೇಳಿದ ಮಾತಿನಂತೆಯೇ ನಡೆದುಕೊಂಡ. ಗ್ಯಾಸ್ ಅವನೇ ಹಾಕಿದ. ದುಡ್ಡು ಹೊರಗೆ ಸಾಗಿಸೋಕೆ ಅವನಿಗೂ ಆ ನಾಲ್ಕು ಪೈಸೆ ಬೇಕಿತ್ತಲ್ಲ.

ಗಾಬರಿಯಲ್ಲಿ ವ್ಯಾಲೆಟ್ ಪಾಸ್‌ವರ್ಡ್ ಬದಲಾಯಿಸಿದೆವು. ಅದೂ ವ್ಯರ್ಥ. ಪಾಸ್‌ವರ್ಡ್ ಕಾಯೋದು ಆ ಫೋನಿನಲ್ಲಿರೋ ಆ್ಯಪ್ಪನ್ನ ಮಾತ್ರ. ಹನ್ನೆರಡು ಪದ ಗೊತ್ತಿದ್ದವನು ಲೋಕದ ಯಾವ ಮೂಲೆಯ ಫೋನಿನಲ್ಲಾದರೂ ಅದೇ ವ್ಯಾಲೆಟ್ ತೆರೆಯಬಹುದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಬ್ಯಾಂಕ್ ಖಾತೆಯಿಂದ ಹೋದ ದುಡ್ಡಾದರೆ ಬೇಗ ಹೇಳಿದಷ್ಟೂ ತಡೆಹಿಡಿಯೋ ಅವಕಾಶ ಹೆಚ್ಚು. ವ್ಯಾಲೆಟ್ಟಿನಿಂದ ವ್ಯಾಲೆಟ್ಟಿಗೆ ಹೋದದ್ದರ ಮಧ್ಯೆ 'ನಿಲ್ಲಿಸಿ' ಅಂತ ಹೇಳೋಕೆ ಒಬ್ಬ ಮ್ಯಾನೇಜರೂ ಇರಲ್ಲ. ಮಧ್ಯವರ್ತಿ ಇಲ್ಲದಿರೋದೇ ಬ್ಲಾಕ್‌ಚೈನಿನ ದೊಡ್ಡಗುಣ ಅಂತ ನಾವೇ ರಿಪೋರ್ಟಿನ ಮೊದಲ ಅಧ್ಯಾಯದಲ್ಲಿ ಬರೆದಿದ್ದೆವು. ಬರೆದದ್ದನ್ನ ತಿದ್ದೋಕಾಗಲ್ಲ ಅನ್ನೋದು ಎರಡನೇ ದೊಡ್ಡಗುಣ. ಎರಡೂ ಸೇರಿದರೆ ಏನಾಗುತ್ತೆ ಅನ್ನೋದು ಅವತ್ತು ಗೊತ್ತಾಯಿತು.

ಈಗ ಹೇಳಲೇಬೇಕಾದ ಮಾತು. ಆ ದಿನ ಮಧ್ಯಾಹ್ನದಿಂದ ನಮ್ಮ ಗುಂಪಿನಲ್ಲಿ ಮೂವರು ಒಂದು ಕಡೆ, ಒಬ್ಬ ಒಂದು ಕಡೆ ಆಯಿತು. ಯಾರ ಬೆರಳು ಆ ಪದಗಳನ್ನ ಟೈಪ್ ಮಾಡಿತ್ತೋ ಅವನನ್ನ ಬಿಟ್ಟು ಮೂವರು ಮೆಸ್ಸಿಗೆ ಹೋದೆವು. ಜೋರಾಗಿ ಬೈದಿದ್ದರೆ ವಾಸಿ ಇತ್ತು. ಬೈಯಲಿಲ್ಲ, ಮಾತು ಬಿಟ್ಟೆವು. ಎರಡು ದಿನ ಹಾಗೇ ನಡೆಯಿತು. ಲ್ಯಾಬಿನಲ್ಲಿ ಅವನು ಒಂದು ಮೂಲೆಯಲ್ಲಿ ಕೂತು ಒಬ್ಬನೇ ಕೋಡ್ ಬರೆಯುತ್ತಿದ್ದ. ನಾವು ನೋಡಿಯೂ ನೋಡದ ಹಾಗಿದ್ದೆವು.

ಮೂರನೇ ದಿನ, ಗೈಡ್ ಮೇಡಂ ಕೇಳಿದ ಒಂದು ಡಯಾಗ್ರಾಮ್ ಹುಡುಕೋಕೆ ನಮ್ಮ ನಾಲ್ವರ ಗ್ರೂಪ್ ಚಾಟ್ ಮೇಲಕ್ಕೆ ಸರಿಸುತ್ತಾ ಹೋದೆವು. ಅಲ್ಲೊಂದು ಚಿತ್ರ ಕಂಡಿತು. ವ್ಯಾಲೆಟ್ ಮಾಡಿದ ದಿನದ ಸ್ಕ್ರೀನ್‌ಶಾಟ್. ಹನ್ನೆರಡು ಪದಗಳು, ಕ್ರಮವಾಗಿ, ಸ್ಪಷ್ಟವಾಗಿ. ಕೆಳಗೆ 'ಮಗಾ ಸೇವ್ ಮಾಡ್ಕೊಳ್ಳಿ' ಅಂತ ಒಬ್ಬ, ಹೆಬ್ಬೆರಳಿನ ಗುರುತು ಇನ್ನೊಬ್ಬ, 'ಡ್ರೈವ್‌ಗೂ ಹಾಕ್ದೆ' ಅಂತ ಮತ್ತೊಬ್ಬ. ಕಳ್ಳನ ಲಿಂಕಿನಲ್ಲಿ ಅಂದು ರಾತ್ರಿ ಯಾರೂ ಟೈಪ್ ಮಾಡದೇ ಇದ್ದಿದ್ದರೂ ಆ ಬೀಗದ ಕೈ ನಾಲ್ಕು ಫೋನಿನ ಗ್ಯಾಲರಿಯಲ್ಲಿ, ಎರಡು ಲ್ಯಾಪ್‌ಟಾಪಿನಲ್ಲಿ, ಒಂದು ಕ್ಲೌಡ್ ಖಾತೆಯಲ್ಲಿ ತೂಗುತ್ತಿತ್ತು. ಬಾಗಿಲನ್ನ ನಾಲ್ವರೂ ತೆರೆದಿಟ್ಟಿದ್ದೆವು. ಕಳ್ಳ ಬಂದಾಗ ಬಾಗಿಲ ಹತ್ತಿರ ಒಬ್ಬ ನಿಂತಿದ್ದ, ಅಷ್ಟೇ ವ್ಯತ್ಯಾಸ.

ಅವತ್ತು ಸಂಜೆ ನಾಲ್ವರೂ ಕುಂದ ಕಡೆಯ ರಸ್ತೆಯಲ್ಲಿ ನಡೆಯುತ್ತಾ ಹೋದೆವು. ರಸ್ತೆ ಪಕ್ಕದ ಕಣದಲ್ಲಿ ಕಾಫಿ ಹರವಿದ್ದರು. ಕ್ಷಮೆ ಅನ್ನೋ ಪದ ಯಾರೂ ಬಳಸಲಿಲ್ಲ. ಆದರೆ ಅಮ್ಮನ ಕೂಲಿಯ ವಿಷಯ ಹೊರಗೆ ಬಂದದ್ದು ಆ ನಡಿಗೆಯಲ್ಲೇ. ಅವರಿಗೆ ಹೇಳಿದ್ದೀಯಾ ಅಂತ ಕೇಳಿದರೆ, 'ಹೇಳ್ದೆ. ಚೀಟಿ ಕಳಕೊಂಡ್ಯಾ ಅಂದ್ರು' ಅಂದ. ಅವರ ಮಟ್ಟಿಗೆ ದುಡ್ಡು ಹೋಗೋದು ಅಂದರೆ ಚೀಟಿ ಕಳೆಯೋದು. ನಾವು ಯಾವ ಚೀಟಿ ಕಳೆಯಬಾರದು ಅಂತ ಪ್ರಾಜೆಕ್ಟ್ ಹಿಡಿದಿದ್ದೆವೋ ಅದೇ. ನಾವು ನಾಲ್ವರೂ ಸೇರಿ ಆ ಐನೂರನ್ನ ವಾಪಸ್ ಕಳಿಸಿದೆವು. ಅವತ್ತೇ ತೀರ್ಮಾನ ಆಗಿದ್ದು, ಇದನ್ನ ಎಲ್ಲಿ ಹೇಳಿದರೂ 'ನಾವು' ಅಂತಲೇ ಹೇಳೋದು ಅಂತ.

ಎರಡನೇ ಸಲ ಮಾಡಿದ ರೀತಿ ಬೇರೆ. ಮೊದಲು ಮೇಡಂ ಹೇಳಿದ ಹಾಗೆ ಅಮೋಯ್ ಟೆಸ್ಟ್‌ನೆಟ್‌ನಲ್ಲಿ ಎಲ್ಲ ಮುಗಿಸಿದೆವು. ಗ್ಯಾಸ್ ಇಲ್ಲದೆ ನಿಂತುಹೋಗೋದು, ತಪ್ಪು ಜಾಲ ನೋಡಿ ಗಾಬರಿಯಾಗೋದು, ಈ ಎಲ್ಲ ಪೆಟ್ಟುಗಳನ್ನ ಅಲ್ಲಿ ಪುಕ್ಕಟೆಯಾಗಿ ತಿನ್ನಬಹುದಿತ್ತು ಅನ್ನೋದು ಆಗ ಅರ್ಥವಾಯಿತು. ಆಮೇಲೆ ತಲಾ ಐವತ್ತು ರೂಪಾಯಿ ಹಾಕಿ, ಈ ಸಲ ನೇರವಾಗಿ ಪಾಲ್ ಕೊಂಡೆವು. ಹೊಸ ವ್ಯಾಲೆಟ್, ಪದಗಳು ಕಾಗದದ ಮೇಲೆ ಮಾತ್ರ. ಮೊದಲು ಕನಿಷ್ಠ ಮೊತ್ತ ಕಳಿಸಿ, ಅದು ಬಂದದ್ದನ್ನ ಕಣ್ಣಾರೆ ಕಂಡ ಮೇಲೆ ಉಳಿದದ್ದು. ನಮ್ಮ ಕಾಂಟ್ರಾಕ್ಟ್ ಅಸಲಿ ಜಾಲಕ್ಕೆ ಏರಿಸೋಕೆ ಸುಮಾರು ಹದಿನೈದು ಲಕ್ಷ ಯೂನಿಟ್ ಗ್ಯಾಸ್ ಹಿಡಿಯಿತು. ಮೇಲಿನ ಲೆಕ್ಕದಲ್ಲೇ ಹೇಳೋದಾದರೆ ತೊಂಬತ್ತು ಪೈಸೆ. ಒಬ್ಬ ಗೆಳೆಯನ ಮನೆಯ ನಲವತ್ತು ಮೂಟೆಯ ದಾಖಲೆಗೆ ಎರಡೂವರೆ ರೂಪಾಯಿ ಒಳಗೆ. ಹೇಳಿದ್ದು ಸುಳ್ಳಾಗಲಿಲ್ಲ, ಜಾಲ ನಿಜವಾಗಿಯೂ ಅಗ್ಗ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು: ಒಂದು ದಾಖಲೆಗೆ ಖರ್ಚೆಷ್ಟು? ಆರು ಪೈಸೆ ಅಂದೆವು. ಅವರು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ನಮ್ಮಲ್ಲೊಬ್ಬ ತಡೆದು, 'ಸರ್, ಅದು ದಾರಿ ಗೊತ್ತಿರೋನಿಗೆ. ಗೊತ್ತಿಲ್ಲದೋನಿಗೆ ಎರಡು ಸಾವಿರ' ಅಂದ. ಮೇಡಂ ನೆಲ ನೋಡಿದರು. ಪರೀಕ್ಷಕರು ಮಾತ್ರ ಪೆನ್ನು ಕೆಳಗಿಟ್ಟು ಪೂರ್ತಿ ಕಥೆ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: 'ನಾಲ್ಕು ವರ್ಷ ಓದಿದ ನೀವೇ ಹೀಗಾದರೆ ಬೆಳೆಗಾರನ ಕೈಗೆ ವ್ಯಾಲೆಟ್ ಹೇಗೆ ಕೊಡುತ್ತೀರಿ?' ಉತ್ತರ ಇರಲಿಲ್ಲ. ಅಲ್ಲಿಂದ ಬಂದ ಮೇಲೆ ವಿನ್ಯಾಸ ಬದಲಾಯಿಸಿದೆವು. ಈಗ ಬೆಳೆಗಾರನಿಗೆ ವ್ಯಾಲೆಟ್ ಇಲ್ಲ, ಪದಗಳಿಲ್ಲ. ಅವನು ನಂಬರ್ ಹಾಕಿ ಒಪ್ಪಿಗೆ ಕೊಟ್ಟರೆ ಗ್ಯಾಸ್ ನಮ್ಮ ಸರ್ವರ್ ಕಟ್ಟುತ್ತೆ. ಹಾಗೆ ಮಾಡಿದರೆ ಅವನು ನಮ್ಮನ್ನ ನಂಬಬೇಕಾಗುತ್ತೆ, ಮಧ್ಯವರ್ತಿ ವಾಪಸ್ ಬಂದ ಹಾಗಾಯಿತು ಅಂತ ನೀವು ಕೇಳಬಹುದು. ಹೌದು, ಬಂದ. ನಮಗೂ ಅದು ಕಾಡುತ್ತೆ. ಮುಂದಿನ ಬ್ಯಾಚಿನವರು ಇದಕ್ಕಿಂತ ಒಳ್ಳೆಯದನ್ನ ಹುಡುಕಲಿ.

ಹುಡುಕೋಕೆ ಹೊರಟವರಿಗೆ ನಾಲ್ಕು ಮಾತು. ಎರಡು ಸಾವಿರ ಫೀಸ್ ಕಟ್ಟಿ ಕಲಿತದ್ದು, ಹಾಗಾಗಿ ಪುಕ್ಕಟೆ ಅಂತ ಕಡೆಗಣಿಸಬೇಡಿ.

ಯಾವ ಜಾಲಕ್ಕೆ ಹೋಗುತ್ತೀರೋ ಆ ಜಾಲದ ಸ್ವಂತ ನಾಣ್ಯವನ್ನ ಮೊದಲು ಕಳಿಸಿ, ಉಳಿದದ್ದೆಲ್ಲ ಆಮೇಲೆ. ಕಳಿಸೋ ಕಡೆ ಮತ್ತು ತಗೊಳ್ಳೋ ಕಡೆ ಎರಡರಲ್ಲೂ ಅದೇ ಜಾಲದ ಹೆಸರಿದೆಯಾ ಅಂತ ನೋಡಿ. ನಮ್ಮ ಸ್ವಂತ ವ್ಯಾಲೆಟ್ ಆದ್ದರಿಂದ ಜಾಲ ಬದಲಾಯಿಸಿದ ಕೂಡಲೇ ದುಡ್ಡು ಕಂಡಿತು. ವಿನಿಮಯ ಕೇಂದ್ರದ ವಿಳಾಸಕ್ಕೆ ಅವರು ಒಪ್ಪದ ಜಾಲದಲ್ಲಿ ಕಳಿಸಿದರೆ ಅದು ಅವರ ಕೈಯಲ್ಲಿರುತ್ತೆ, ನಿಮ್ಮ ಕೈಯಲ್ಲಿರಲ್ಲ.

ವಿಳಾಸವನ್ನ ಹಳೇ ವ್ಯವಹಾರದ ಪಟ್ಟಿಯಿಂದ ಕಾಪಿ ಮಾಡಬೇಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನಿಮ್ಮದರ ಹಾಗೇ ಇರೋ ನಕಲಿ ವಿಳಾಸ ಹುಟ್ಟಿಸಿ, ಅಲ್ಲಿಂದ ನಿಮಗೆ ಚೂರು ಪಾರು ಕಳಿಸಿ ಪಟ್ಟಿಯಲ್ಲಿ ಕೂರೋ ಕಳ್ಳರಿದ್ದಾರೆ. ಫೀ ಕಡಿಮೆ ಇರೋ ಜಾಲದಲ್ಲಿ ಇಂಥ ಗಾಳ ಹಾಕೋದು ಅವರಿಗೂ ಅಗ್ಗ. ಇದನ್ನ ನಾವು ಯೋಚನೆಯೇ ಮಾಡಿರಲಿಲ್ಲ. ನಮಗೆ ಕಡಿಮೆ ಫೀ ಅಂದರೆ ಕಳ್ಳನಿಗೂ ಕಡಿಮೆ ಫೀ.

ಇನ್ನೊಂದು ಗಾಳ ನಮ್ಮ ಕಥೆಯ ತಿರುಗುಮುರುಗು. ಯಾರೋ ಪೆದ್ದನ ಹಾಗೆ ನಟಿಸಿ ತನ್ನ ಹನ್ನೆರಡು ಪದವನ್ನೇ ಎಲ್ಲರಿಗೂ ಕಾಣೋ ಹಾಗೆ ಹಾಕುತ್ತಾನೆ. ತೆರೆದು ನೋಡಿದರೆ ಒಳಗೆ ಸಾವಿರಾರು ಡಾಲರ್, ಗ್ಯಾಸ್ ಮಾತ್ರ ಸೊನ್ನೆ. ದುರಾಸೆಗೆ ಬಿದ್ದು ನೀವು ಗ್ಯಾಸ್ ಹಾಕುತ್ತೀರಿ. ಹಾಕಿದ ಕ್ಷಣ ಒಂದು ಪ್ರೋಗ್ರಾಮ್ ಅದನ್ನ ಎತ್ತಿಕೊಂಡು ಹೋಗುತ್ತೆ. ಡಾಲರ್ ಅಲ್ಲಾಡದ ಹಾಗೆ ಅವನು ಮೊದಲೇ ಬೀಗ ಹಾಕಿರುತ್ತಾನೆ. ನಮ್ಮಲ್ಲೊಬ್ಬ ಹೋದ ಎರಡು ಸಾವಿರವನ್ನ ಹೀಗೆ ವಾಪಸ್ ಗಳಿಸೋಣ ಅಂತ ಹೊರಟಿದ್ದ. ಉಳಿದ ಮೂವರು ಹಿಡಿದುಕೊಂಡೆವು. ಹೋದ ದುಡ್ಡು ವಾಪಸ್ ತಂದುಕೊಡುತ್ತೇವೆ, ಮೊದಲು ಇಷ್ಟು ಫೀ ಕೊಡಿ ಅಂತ ಬರೋ ಮೆಸೇಜೂ ಅದೇ ಜಾತಿಯದ್ದು. ನಮಗೆ ಮೂರು ಬಂದವು.

ಕಡೆಯದಾಗಿ, ಟೆಸ್ಟ್‌ನೆಟ್‌ನಲ್ಲಿ ಆಗೋ ಕೆಲಸಕ್ಕೆ ಅಸಲಿ ದುಡ್ಡು ಹಾಕಬೇಡಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ 'ಟೆಸ್ಟ್' ಅಂತ ಕಂಡರೆ ಮರ್ಯಾದೆ ಹೋಗಲ್ಲ. ಅದು ಹೋಗೋ ದಾರಿ ಬೇರೆ ಇದೆ, ನಾವು ನೋಡಿ ಬಂದಿದ್ದೇವೆ.

ಆ ಎರಡು ಸಾಲು ಈಗಲೂ ಅಲ್ಲೇ ಇದೆ. ಒಂದೊಂದು ಸಲ ತೆರೆದು ನೋಡುತ್ತೇವೆ. ಬಂದ ಚೂರು ಪಾಲ್, ಹೋದ ಇಪ್ಪತ್ತೊಂದು ಡಾಲರ್, ಎರಡರ ಮುಂದೆಯೂ ಸಮಯ, ಸೆಕೆಂಡಿನ ಸಮೇತ. ಯಾರೂ ತಿದ್ದದ ಹಾಗೆ ಒಂದು ಕಡೆ ಬರೆದಿಡಬೇಕು ಅಂತ ತಾನೇ ನಾವು ಹೊರಟದ್ದು.

ನಮ್ಮ ರಿಪೋರ್ಟ್ ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿದೆ, ಕೋಡ್ ಬೇಕಾದವರು ಬಂದು ಕೇಳಿ, ಕೊಡುತ್ತೇವೆ. ವ್ಯಾಲೆಟ್ ಮಾಡೋದನ್ನ ಪಕ್ಕದಲ್ಲಿ ಕೂತು ತೋರಿಸುತ್ತೇವೆ. ಹನ್ನೆರಡು ಪದ ಬರೆಯೋ ಹೊತ್ತಿಗೆ ಮಾತ್ರ ನಾವು ಎದ್ದು ಹೊರಗೆ ನಿಲ್ಲುತ್ತೇವೆ. ಬರುವಾಗ ಒಂದು ಪೆನ್ನು, ಒಂದು ಹಾಳೆ ತನ್ನಿ. ಫೋನ್ ಬ್ಯಾಗಿನಲ್ಲೇ ಇರಲಿ.